ಬೆಳಗ್ಗೆ ಅವಳು ಬರ್ತಾಳಲ್ಲ!

ನಾಯಿ, ಬೆಕ್ಕುಗಳ ಮೇಲಿನ ಪ್ರಬಂಧಗಳಿಗೆ ಕನ್ನಡದಲ್ಲಿ ಈಗ ಬರವಿಲ್ಲ. ವಾರಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಮರಿ ಮನೆಗೆ ಬಂದ ದಿನ, ಹೆಸರಿಟ್ಟ ಸಡಗರ, ಹೊಸ ಚಪ್ಪಲಿಯನ್ನೇ ಹುಡುಕಿ ಕಚ್ಚಿದ ತುಂಟತನ, ಸಂಜೆ ಬಾಗಿಲ ಬಳಿ ಕಾಯುವ ಕಣ್ಣು, ಕೊನೆಗೊಂದು ಸಾವು, ಮನೆಯವರೆಲ್ಲ ಎರಡು ದಿನ ಊಟ ಬಿಟ್ಟದ್ದು. ಓದುತ್ತ ನನ್ನ ಕಣ್ಣೂ ಒದ್ದೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಈ ಪ್ರಬಂಧಗಳಲ್ಲಿ ಎಂದೂ ಒದ್ದೆಯಾಗದ ವಸ್ತುವೊಂದಿದೆ. ಅದು ನೆಲ. ಹನ್ನೆರಡು ವರ್ಷ ಮನೆಯೊಳಗೆ ಬದುಕಿದ ಪ್ರಾಣಿ ಒಂದು ಸಲವೂ ಸೋಫಾದ ಕೆಳಗೆ ಉಚ್ಚೆ ಹೊಯ್ಯಲಿಲ್ಲವೆ? ಮಳೆಗಾಲದ ರಾತ್ರಿ, ದೀಪಾವಳಿಯ ಪಟಾಕಿಗೆ ಬೆದರಿ, ಮುಪ್ಪಿನಲ್ಲಿ ತಡೆಯಲಾಗದೆ, ಹಾಲ್‌ನ ಕಾರ್ಪೆಟ್ಟನ್ನು ಕೆಡಿಸಲಿಲ್ಲವೆ? ಕೆಡಿಸಿಯೇ ಇರುತ್ತದೆ. ಯಾರೋ ಅದನ್ನು ಒರೆಸಿಯೂ ಇರುತ್ತಾರೆ. ಆ ‘ಯಾರೋ’ ಎಲ್ಲಿ ಹೋದರು?

ಅಪರೂಪಕ್ಕೆ ಆ ಪ್ರಸಂಗ ಬಂದರೂ ವಾಕ್ಯ ಹೀಗಿರುತ್ತದೆ: ‘ಕಾರ್ಪೆಟ್ ಮೇಲೆ ಗಲೀಜು ಮಾಡಿಬಿಟ್ಟಿತ್ತು. ಎಲ್ಲವನ್ನೂ ಸ್ವಚ್ಛಗೊಳಿಸಲಾಯಿತು.’ ಪಾಠ ಕೇಳುತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ಈ ‘ಗೊಳಿಸಲಾಯಿತು’ ಕಡೆ ನೋಡಬೇಕು. ಕರ್ಮಣಿ ಪ್ರಯೋಗ ಕನ್ನಡದ ಬಾಯಿಗೆ ಒಗ್ಗಿದ್ದಲ್ಲ ಎಂದು ವ್ಯಾಕರಣದ ಮೇಷ್ಟ್ರುಗಳು ಹೇಳುತ್ತಲೇ ಬಂದಿದ್ದಾರೆ. ಮನೆಯಲ್ಲಿ ಯಾರೂ ‘ನನ್ನಿಂದ ಕಾಫಿ ಕುಡಿಯಲ್ಪಟ್ಟಿತು’ ಎನ್ನುವುದಿಲ್ಲ. ಅದು ಸರ್ಕಾರಿ ಸುತ್ತೋಲೆಯ ಭಾಷೆ, ಯಾರು ಮಾಡಿದರೆಂದು ಹೇಳಲು ಇಷ್ಟವಿಲ್ಲದವರ ಭಾಷೆ. ಪ್ರೀತಿಯ ಭಾಗವೆಲ್ಲ ಕರ್ತರಿಯಲ್ಲಿ: ಎತ್ತಿಕೊಂಡೆ, ಮುದ್ದಿಸಿದೆ, ಹೆಸರಿಟ್ಟೆ. ಉಚ್ಚೆಯ ಭಾಗ ಬಂದ ಕೂಡಲೇ ಕರ್ಮಣಿ.

ಇನ್ನೂ ಬೇಸರದ ಸಂಗತಿಯೆಂದರೆ ನಮ್ಮ ಭಾಷೆಗೆ ಈ ವಿಷಯದಲ್ಲಿ ಅಪಾರ ಪ್ರಾಮಾಣಿಕತೆ ಇದೆ. ಇಂಗ್ಲಿಷಿನವರು ಒಂದು ಇಟ್ಟಿಗೆಯನ್ನೂ ಮುಟ್ಟದೆ ತಾವೇ ಮನೆ ಕಟ್ಟಿದೆವು ಎಂದು ಹೇಳಿಬಿಡಬಹುದು. ಕನ್ನಡದವನು ‘ಮನೆ ಕಟ್ಟಿಸಿದೆ’ ಎನ್ನುತ್ತಾನೆ. ಬಟ್ಟೆ ಹೊಲಿಸುತ್ತೇವೆ, ಬಾವಿ ತೋಡಿಸುತ್ತೇವೆ, ಹೊಲ ಉಳಿಸುತ್ತೇವೆ. ಆ ಸಣ್ಣ ‘ಇಸು’ ಪ್ರತ್ಯಯದೊಳಗೆ ಇನ್ನೊಬ್ಬ ಮನುಷ್ಯ ಕೂತಿದ್ದಾನೆ, ಅವನಿಗೆ ಕೂಲಿ ಕೊಟ್ಟದ್ದೂ ಕೂತಿದೆ. ಇಷ್ಟು ನಾಜೂಕಾಗಿ ಲೆಕ್ಕವಿಡುವ ಭಾಷೆಯಲ್ಲಿ ಬರೆಯುವವರು ‘ಕಾರ್ಪೆಟ್ ತೊಳೆಸಿದೆವು’ ಎನ್ನಲೂ ನಾಚುತ್ತಾರೆ. ತೊಳೆಸಿದ್ದನ್ನು ಹೇಳಿದರೆ ತೊಳೆದವಳನ್ನು ಹೇಳಬೇಕಾಗುತ್ತದೆ.

ಹೇಳೋಣ. ಬೆಂಗಳೂರಿನ ಯಾವುದೇ ಎರಡು-ಮೂರು ಬೆಡ್‌ರೂಮಿನ ಮನೆ. ರಾತ್ರಿ ಹತ್ತೂವರೆ. ಟೀವಿ ನಡೆಯುತ್ತಿದೆ. ನಾಯಿ ಎರಡು ಸಲ ಬಾಗಿಲ ತನಕ ಹೋಗಿ ಬಂದಿತ್ತು, ಯಾರೂ ಏಳಲಿಲ್ಲ. ಕಾರ್ಪೆಟ್ಟಿನ ಮೂಲೆಯಲ್ಲಿ ಕೆಲಸ ಮುಗಿಸಿತು. ‘ಅಯ್ಯೋ’ ಎಂದು ಎಲ್ಲರೂ ಕೂಗಿದರು, ನಾಯಿಗೆ ಒಂದು ಗದರಿಕೆ ಬಿತ್ತು, ಮೇಲೆ ಎರಡು ಹಾಳೆ ಪೇಪರ್ ಹಾಸಿದರು, ಯಾರೂ ತುಳಿಯದಿರಲಿ ಅಂತ ಒಂದು ಪ್ಲಾಸ್ಟಿಕ್ ಬೋಗುಣಿ ಬೋರಲು ಹಾಕಿದರು. ‘ಇರಲಿ ಬಿಡು, ಬೆಳಗ್ಗೆ ಅವಳು ಬರ್ತಾಳಲ್ಲ!’ ದೀಪ ಆರಿತು.

ಈ ಲೇಖನ ಬರೆಯುತ್ತಿರುವುದು ಆ ಬೋಗುಣಿಯ ವಿರುದ್ಧ.

ಮೊದಲು ನೈತಿಕತೆ ಬೇಡ, ರಸಾಯನಶಾಸ್ತ್ರವನ್ನೇ ನೋಡೋಣ. ಹೊಯ್ದ ಕ್ಷಣದಲ್ಲಿ ಉಚ್ಚೆ ಬಹುಪಾಲು ನೀರು. ಜೊತೆಗೆ ಯೂರಿಯಾ, ಲವಣಗಳು, ಒಂದಿಷ್ಟು ಬಣ್ಣ. ನಾಯಿ-ಬೆಕ್ಕಿನ ತಾಜಾ ಉಚ್ಚೆ ಸಾಮಾನ್ಯವಾಗಿ ತುಸು ಆಮ್ಲೀಯ. ಆಗ ಅದು ಇನ್ನೂ ದಾರದ ಮೇಲೆ ನಿಂತಿರುತ್ತದೆ. ಹಳೇ ಕಾಟನ್ ಟವೆಲ್ಲೋ ಸವೆದ ಲುಂಗಿಯೋ ಮಡಿಸಿ ಮೇಲಿಟ್ಟು, ಅದರ ಮೇಲೆ ನಿಂತು ಭಾರ ಹಾಕಿದರೆ ಮುಕ್ಕಾಲು ಪಾಲು ಬಟ್ಟೆಗೆ ಬಂದುಬಿಡುತ್ತದೆ. ಬಟ್ಟೆ ಬದಲಿಸಿ ಇನ್ನೊಮ್ಮೆ. ತಣ್ಣೀರು ಚಿಮುಕಿಸಿ ಮತ್ತೊಮ್ಮೆ, ಅಂಚಿನಿಂದ ಮಧ್ಯಕ್ಕೆ. ಉಜ್ಜಬಾರದು, ಒತ್ತಬೇಕು. ಹತ್ತು ನಿಮಿಷದ ಕೆಲಸ, ಬಗ್ಗಲೂ ಬೇಕಿಲ್ಲ, ನಿಲ್ಲಲು ಬಂದರೆ ಸಾಕು.

ಅದನ್ನು ಬಿಟ್ಟು ಬೋಗುಣಿ ಮುಚ್ಚಿದಿರಿ ಅನ್ನಿ. ಉಚ್ಚೆ ಇಳಿಯುತ್ತದೆ. ಮೇಲೆ ಅಂಗೈಯಗಲ ಇದ್ದದ್ದು ಅಡಿಯ ಬಟ್ಟೆಗೆ ಮುಟ್ಟುವಾಗ ಊಟದ ತಟ್ಟೆಯಗಲ ಹರಡಿರುತ್ತದೆ. ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡತೊಡಗುತ್ತವೆ. ಆಮ್ಲೀಯವಾಗಿದ್ದದ್ದು ಕ್ಷಾರೀಯವಾಗುತ್ತದೆ. ನಿಮ್ಮದು ಭದೋಹಿಯದೋ ಕಾಶ್ಮೀರದ್ದೋ ಉಣ್ಣೆಯ ಕಾರ್ಪೆಟ್ ಆಗಿದ್ದರೆ, ಉಣ್ಣೆಗೆ ಹಾಕುವ ಬಣ್ಣಗಳಲ್ಲಿ ಹೆಚ್ಚಿನವು ಆಮ್ಲದಲ್ಲಿ ಕಚ್ಚಿಕೊಂಡು ಕ್ಷಾರದಲ್ಲಿ ಸಡಿಲವಾಗುವಂಥವು. ಕೆಂಪು ಬಣ್ಣ ಪಕ್ಕದ ಬಿಳಿಗೆ ಹರಿಯುತ್ತದೆ. ಉಣ್ಣೆಯ ಎಳೆಗೂ ಕ್ಷಾರ ಆಗಿಬರುವುದಿಲ್ಲ. ಬೆಕ್ಕಿನದಾದರೆ ಇನ್ನೊಂದು ಕಥೆ: ಅದರ ಉಚ್ಚೆಯಲ್ಲಿ ಫೆಲಿನೈನ್ ಎಂಬ ಗಂಧಕವಿರುವ ಅಮೈನೋ ಆಮ್ಲವಿದೆ, ಬೀಜ ಒಡೆಸದ ಗಂಡು ಬೆಕ್ಕುಗಳಲ್ಲಿ ಬಹಳ ಹೆಚ್ಚು. ಅದಕ್ಕೆ ಮೊದಲು ಅಷ್ಟಾಗಿ ವಾಸನೆಯಿಲ್ಲ, ಹೊತ್ತು ಕಳೆದು ಅದು ಒಡೆದಾಗ ಬರುವುದೇ ಆ ಕುಖ್ಯಾತ ನಾತ.

ಅಂದರೆ ಮನೆಯವರು ‘ನಾಯಿಯ ಕಲೆ’ ಎಂದು ಕರೆಯುವುದು ನಾಯಿಯದ್ದಲ್ಲವೇ ಅಲ್ಲ. ರಾತ್ರಿ ಹತ್ತೂವರೆಗೆ ನಾಯಿ ಮಾಡಿದ್ದು ಬರೀ ಒದ್ದೆ. ಅದನ್ನು ಕಲೆ ಮಾಡಿದ್ದು ಮುಂದಿನ ಒಂಬತ್ತು ಗಂಟೆಗಳು. ಬೇರೆಯವರ ಕೈಗೆ ಕಾದ ಒಂಬತ್ತು ಗಂಟೆ. ಬೆಳಗ್ಗೆ ಏಳೂವರೆಗೆ ಬಂದವಳ ಪಾಲಿಗೆ ಬಂದದ್ದು ಹತ್ತು ನಿಮಿಷದ ಕೆಲಸವಲ್ಲ, ಒಂದು ಗಂಟೆಯ ಕೆಲಸ, ಅದೂ ಪೂರ್ತಿ ಸರಿಹೋಗದ ಕೆಲಸ. ಆಮೇಲೆ ‘ಏನು ಉಜ್ಜಿದೆಯೋ, ಇನ್ನೂ ವಾಸನೆ ಬರ್ತಿದೆ’ ಎಂಬ ಮಾತೂ ಅವಳಿಗೇ. ಜುಲೈನ ಜಿಟಿಜಿಟಿ ಮಳೆಗೆ ಗಾಳಿಯ ತೇವ ಏರಿದಾಗ ಅಡಿಯಲ್ಲಿ ಉಳಿದ ಲವಣ ನೀರೆಳೆದುಕೊಂಡು ವಾಸನೆ ಮತ್ತೆ ಏಳುತ್ತದೆ, ಆಗಲೂ ಅವಳೇ. ನಾಯಿಯ ಮೂಗು ನಮ್ಮದಕ್ಕಿಂತ ಬಹಳ ಚುರುಕು. ನಮಗೆ ತಿಳಿಯದ ವಾಸನೆ ಅದಕ್ಕೆ ‘ಇದೇ ಜಾಗ’ ಎನ್ನುತ್ತದೆ, ಅಲ್ಲೇ ಮತ್ತೆ ಹೊಯ್ಯುತ್ತದೆ. ಆಗ ಪೆಟ್ಟು ನಾಯಿಗೆ, ಬೈಗುಳ ಇವಳಿಗೆ.

ಪೆಟ್ಟಿನ ಬಗ್ಗೆ ಎರಡೇ ಮಾತು. ಮೂತಿಯನ್ನು ಉಚ್ಚೆಗೆ ಉಜ್ಜಿ ‘ಬುದ್ಧಿ ಕಲಿಸುವ’ ಕ್ರೌರ್ಯ ಇನ್ನೂ ನಡೆದಿದೆ. ನಾಯಿಗೆ ಅದರಿಂದ ತಿಳಿಯುವುದು ಒಂದೇ: ಮನುಷ್ಯರು ನೋಡುವಾಗ ಹೊಯ್ಯಬಾರದು. ಮುಂದಿನ ಸಲ ಅದು ಮಂಚದಡಿ ಹುಡುಕಿಕೊಳ್ಳುತ್ತದೆ. ಶುಚಿಯಾಗಿದ್ದ ಪ್ರಾಣಿ ಏಕಾಏಕಿ ಎಲ್ಲೆಂದರಲ್ಲಿ ಹೊಯ್ದರೆ ಅದು ಕಾಯಿಲೆಯ ಸೂಚನೆಯಿರಬಹುದು. ಗಂಡು ಬೆಕ್ಕು ಮತ್ತೆಮತ್ತೆ ಕೂತು ಹನಿಯೂ ಹೊಯ್ಯಲಾಗದೆ ಒದ್ದಾಡಿದರೆ ಮೂತ್ರನಾಳ ಕಟ್ಟಿಕೊಂಡಿರುತ್ತದೆ, ಅವತ್ತೇ ವೈದ್ಯರಲ್ಲಿಗೆ ಒಯ್ಯದಿದ್ದರೆ ಸಾಯುತ್ತದೆ. ಇದನ್ನೆಲ್ಲ ಗಮನಿಸಬೇಕಾದವರು ಉಚ್ಚೆಯನ್ನು ಕಣ್ಣಾರೆ ಕಂಡು ಒರೆಸುವವರು. ರಕ್ತದ ಛಾಯೆ ಇತ್ತೋ, ಎಷ್ಟು ಸಲ ಆಯಿತೋ ಒರೆಸಿದವರಿಗೆ ಗೊತ್ತು. ‘ನಮ್ಮ ಮಗು’ ಎಂದು ಫೋಟೋ ಹಾಕುವವರಿಗೆ ಗೊತ್ತಿಲ್ಲ.

ಇನ್ನು ಆ ಬೆಳಗ್ಗೆ ಅವಳ ಕೈಗೆ ಏನು ಕೊಡುತ್ತಾರೆ? ಫಿನಾಯಿಲ್. ಅದು ಸಾಲದಿದ್ದರೆ ಬ್ಲೀಚ್. ಅದೂ ಸಾಲದಿದ್ದರೆ ಬಚ್ಚಲಿಗೆ ಹಾಕುವ ಆಸಿಡ್. ಜೊತೆಗೊಂದು ಬ್ರಷ್ಷು, ‘ಚೆನ್ನಾಗಿ ಉಜ್ಜು’ ಎಂಬ ಅಪ್ಪಣೆ. ಉಣ್ಣೆಯನ್ನು ಬ್ಲೀಚ್ ಬಿಳಿಚಿಸುವುದಲ್ಲ, ಕರಗಿಸುತ್ತದೆ. ಅದು ನಿಮ್ಮ ಕಾರ್ಪೆಟ್ಟಿನ ಪಾಡು, ಅದಕ್ಕೆ ನಾನು ಅಳುವುದಿಲ್ಲ. ರಾತ್ರಿಯಿಡೀ ಅಮೋನಿಯಾ ಕೂಡಿಟ್ಟ ಜಾಗಕ್ಕೆ ಬ್ಲೀಚ್ ಸುರಿದರೆ ಕ್ಲೋರಮೈನ್ ಅನಿಲ ಏಳುತ್ತದೆ. ಬ್ಲೀಚಿನ ಜೊತೆ ಆಸಿಡ್ ಸೇರಿದರೆ ಕ್ಲೋರಿನ್. ಎರಡೂ ಕಣ್ಣು ಉರಿಸಿ ಎದೆ ಹಿಡಿಸುವಂಥವು. ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಮಂಡಿಯೂರಿ, ಮುಖವನ್ನು ನೆಲಕ್ಕೆ ಒಂದು ಗೇಣು ಹತ್ತಿರ ಇಟ್ಟು ಉಜ್ಜುವವಳು ಅದನ್ನು ಮೊದಲು ಉಸಿರಾಡುತ್ತಾಳೆ. ಮನೆಯವರು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಬಗೆಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ನಮ್ಮದರಂತೆ ಅರಗಿಸಿ ಹೊರಹಾಕಲಾರದು. ಆ ನೆಲದ ಮೇಲೆ ನಡೆದು ಪಾದ ನೆಕ್ಕಿದ ಬೆಕ್ಕಿಗೆ ಅದು ವಿಷ. ಪ್ರೀತಿಯ ಪ್ರಾಣಿಗೂ ಕೇಡು, ಒರೆಸುವವಳಿಗೂ ಕೇಡು, ಕಾರ್ಪೆಟ್ಟಿಗೂ ಕೇಡು. ಇಷ್ಟೊಂದು ಜನರಿಗೆ ಏಕಕಾಲಕ್ಕೆ ಕೇಡು ಮಾಡುವ ವಿಧಾನವನ್ನು ‘ಕ್ಲೀನಿಂಗ್’ ಎನ್ನುತ್ತೇವೆ.

ಎನ್‌ಜೈಮ್ ಇರುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ, ಹಳೆಯ ಕಲೆಗೆ ಅವೇ ಸರಿ, ತಾಳ್ಮೆಯಿಂದ ಒದ್ದೆ ಇಟ್ಟು ಕಾಯಬೇಕು. ಆದರೆ ಪ್ರೋಟೀನ್ ಒಡೆಯುವ ಎನ್‌ಜೈಮ್ ಇದ್ದರೆ ಉಣ್ಣೆ, ರೇಷ್ಮೆಗೆ ಹಾಕಬಾರದು, ಏಕೆಂದರೆ ಉಣ್ಣೆಯೂ ಪ್ರೋಟೀನೇ. ಉಣ್ಣೆಗೆ ತಣ್ಣೀರು, ನೀರು ಬೆರೆಸಿದ ಬಿಳಿ ವಿನಿಗರ್, ಎರಡೂ ಮಗ್ಗುಲು ಫ್ಯಾನಿನ ಗಾಳಿ. ಬಿಸಿನೀರು, ಹಬೆ ಯಂತ್ರ ಬೇಡ. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡುವುದು. ಇದರಲ್ಲಿ ಪಿಎಚ್‌ಡಿ ಬೇಕಾದದ್ದು ಏನೂ ಇಲ್ಲ, ಆದರೂ ಪಿಎಚ್‌ಡಿ ಮಾಡಿದವರ ಮನೆಯಲ್ಲೂ ಇದು ಗೊತ್ತಿರುವುದು ಕಡಿಮೆ. ನಾಯಿಗೆ ಯಾವ ಬ್ರ್ಯಾಂಡಿನ ಆಹಾರ ಎಂದು ಮೂರು ತಿಂಗಳು ಓದಿರುತ್ತಾರೆ.

ಲಸಿಕೆಯ ಮಾತಿಗೆ ಬರೋಣ. ಇಲಿ ಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯಿಂದಷ್ಟೇ ಅಲ್ಲ, ಸೋಂಕು ತಗಲಿದ ನಾಯಿಯ ಉಚ್ಚೆಯಿಂದಲೂ ಹರಡುತ್ತದೆ. ಕೈಯಲ್ಲೊಂದು ಗೀರು ಗಾಯ ಇದ್ದರೆ ಒಳಹೋಗಲು ಅದೇ ಬಾಗಿಲು. ನಾಯಿಗೆ ಅದರ ವಿರುದ್ಧ ಲಸಿಕೆ ಇದೆ, ಹಾಕಿಸುತ್ತಾರೆ, ಪುಸ್ತಕದಲ್ಲಿ ಅಂಟುಚೀಟಿ ಸಮೇತ ದಾಖಲೆ ಇಡುತ್ತಾರೆ. ದಿನಕ್ಕೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಬಿರುಕುಬಿಟ್ಟ ಕೈಗಳಿಗೆ ರಬ್ಬರ್ ಗ್ಲೌಸ್ ಕೊಟ್ಟ ಮನೆ ಎಷ್ಟಿವೆ? ಇನ್ನೊಂದು. ಬಸುರಿ ಬೆಕ್ಕಿನ ಕಕ್ಕಸು ಮುಟ್ಟಬಾರದು, ಟಾಕ್ಸೊಪ್ಲಾಸ್ಮಾ ಸೋಂಕು ಹೊಟ್ಟೆಯ ಮಗುವಿಗೆ ಅಪಾಯ ಎಂದು ವೈದ್ಯರು ಹೇಳುತ್ತಾರೆ. ಸರಿಯಾದ ಮಾತು. ಮನೆಯ ಸೊಸೆ ಬಸುರಾದ ದಿನವೇ ಬೆಕ್ಕಿನ ತಟ್ಟೆ ಮನೆಕೆಲಸದವಳ ಪಾಲಿಗೆ ಬರುತ್ತದೆ. ಅವಳೂ ಬಸುರಿಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಲಿಫ್ಟಿನ ಕಥೆ ಎಲ್ಲರಿಗೂ ಗೊತ್ತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿ, ಸಾಕುಪ್ರಾಣಿಗಳು ಲಿಫ್ಟ್ ಬಳಸದಂತೆ ನಿವಾಸಿಗಳ ಸಂಘಗಳು ತಡೆಯುವಂತಿಲ್ಲ ಎಂದಿತು. ಒಳ್ಳೆಯದೇ, ಹದಿನಾಲ್ಕನೇ ಮಹಡಿಯಿಂದ ಮುದಿ ನಾಯಿಯನ್ನು ಮೆಟ್ಟಿಲಲ್ಲಿ ಇಳಿಸಲಾದೀತೆ? ಆದರೆ ಅದೇ ಕಟ್ಟಡಗಳಲ್ಲಿ ಮನೆಕೆಲಸದವರು ‘ಸರ್ವಿಸ್ ಲಿಫ್ಟ್’ನಲ್ಲೇ ಬರಬೇಕು ಎಂಬ ಬೋರ್ಡು ನೇತಾಡುತ್ತಿದ್ದರೆ, ಅದನ್ನು ತೆಗೆಸಲು ಅಂಥ ಸುತ್ತೋಲೆಯೊಂದು ಅವರಿಗಿಲ್ಲ. ನಾಯಿಯ ಹಕ್ಕನ್ನು ನಾನು ಕಡಿಮೆ ಮಾಡಿ ಎನ್ನುತ್ತಿಲ್ಲ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನವನ್ನು ಅಧಿಸೂಚಿಸಿದ ರಾಜ್ಯ. ನಮ್ಮ ಸಾಹಿತ್ಯದ ಗೆಳೆಯರಲ್ಲಿ ಹತ್ತು ಮಂದಿಯನ್ನು ಕೇಳಿ, ಆ ದರ ಈಗ ಎಷ್ಟು ಎಂದು. ಲ್ಯಾಬ್ರಡಾರ್ ಮರಿಯ ದರ ಹೇಳುತ್ತಾರೆ.

ಇದು ಸಾಹಿತ್ಯದ ವಿಷಯವೇ ಅಲ್ಲ, ಯಾಕೆ ಇಲ್ಲಿ ಎನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದದ್ದಕ್ಕೆ ರಾಜ್ಯ ಹೊತ್ತಿ ಉರಿಯಿತು, ಮಂತ್ರಿ ಪದವಿಯನ್ನೂ ಅವರು ಬಿಡಬೇಕಾಯಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೂಸಾ ಗೊತ್ತು, ಪರೀಕ್ಷೆಗೂ ಬರುತ್ತದೆ. ಅದೇ ಬಸವಲಿಂಗಪ್ಪನವರು ಅರಸು ಸಂಪುಟದ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಎಂಬುದನ್ನು ಎಷ್ಟು ಜನ ಅಷ್ಟೇ ಸಲೀಸಾಗಿ ಹೇಳುತ್ತಾರೆ? ನಾನು ಈ ಎರಡನ್ನೂ ಒಟ್ಟಿಗೇ ಓದುತ್ತೇನೆ. ಯಾರ ಗಲೀಜನ್ನು ಯಾರು ಎತ್ತುತ್ತಾರೆ ಎಂಬುದರ ಬಗ್ಗೆ ಏನನ್ನೂ ಹೇಳದ ಬರಹ ದನದ ಮುಂದೆ ಸುರಿಯಲಿಕ್ಕೇ ಲಾಯಕ್ಕು ಎಂಬ ಸಿಟ್ಟು, ಗಲೀಜು ಎತ್ತುವ ಕೈಗಳ ಬಗ್ಗೆ ಯೋಚಿಸಿದವರಿಗೆ ಬರುವುದು ಸಹಜ. ಐವತ್ತು ವರ್ಷದ ಮೇಲೂ ನಮ್ಮ ಮುದ್ದು ನಾಯಿಯ ಪ್ರಬಂಧಗಳು ಆ ಸಿಟ್ಟಿಗೆ ಉತ್ತರ ಕೊಟ್ಟಿಲ್ಲ.

ಮಡಿವಂತಿಕೆಯ ಒಂದು ತಮಾಷೆಯನ್ನೂ ಹೇಳದೆ ಮುಂದೆ ಹೋಗಲಾರೆ. ಗೃಹಪ್ರವೇಶದ ದಿನ ಇದೇ ಹಾಲ್‌ಗೆ ಹಸುವನ್ನು ಲಿಫ್ಟಿನಲ್ಲಿ ತಂದೋ, ಬಾಟಲಿಯಲ್ಲಿ ಅದರದ್ದನ್ನು ತಂದೋ ಪ್ರೋಕ್ಷಣೆ ಮಾಡಿರುತ್ತಾರೆ, ಮನೆಯ ಯಜಮಾನರ ಕೈಯಿಂದಲೇ. ಯೂರಿಯಾ ಅಲ್ಲೂ ಯೂರಿಯಾ, ಇಲ್ಲೂ ಯೂರಿಯಾ. ಒಂದನ್ನು ತಾವೇ ಬೆರಳಲ್ಲಿ ಅದ್ದಿ ಚಿಮುಕಿಸಬಹುದು, ಇನ್ನೊಂದನ್ನು ಮುಟ್ಟಲು ಬೇರೆ ಜಾತಿಯ ಹೆಂಗಸು ಬರಬೇಕು. ಇದನ್ನು ‘ಹೈಜೀನ್’ ಎಂದು ಕರೆದರೆ ರಸಾಯನಶಾಸ್ತ್ರ ನಗುತ್ತದೆ.

ಈಗ ಬರುವ ಉತ್ತರಗಳು. ಇವನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ, ಒಳ್ಳೆಯ ಜನರ ಬಾಯಲ್ಲೇ.

‘ಸಂಬಳ ಕೊಡ್ತೀವಲ್ಲ.’ ಯಾವುದಕ್ಕೆ? ಕೆಲಸಕ್ಕೆ ಸೇರುವಾಗ ಮಾತಾಡಿಕೊಂಡದ್ದು ಕಸ, ನೆಲ, ಪಾತ್ರೆ, ಬಟ್ಟೆ. ಒಂದೊಂದಕ್ಕೂ ಇಷ್ಟಿಷ್ಟು ಎಂದು ಚೌಕಾಶಿ ನಡೆದಿತ್ತು. ನಾಯಿ ಬಂದದ್ದು ಮೂರನೇ ವರ್ಷ. ನಾಯಿಗೆ ಬೆಲ್ಟು, ಹಾಸಿಗೆ, ಹುಟ್ಟುಹಬ್ಬದ ಕೇಕು ಎಲ್ಲ ಬಂತು. ಇವಳ ಸಂಬಳದಲ್ಲಿ ನಾಯಿಯ ಬಾಬ್ತು ಎಂದು ಯಾವ ಅಂಕಿಯೂ ಸೇರಲಿಲ್ಲ. ಎರಡು ಕೋಣೆ ಹೆಚ್ಚಾದರೆ ಹೆಚ್ಚು ಕೇಳಬಹುದು ಎಂಬ ಲೋಕರೂಢಿ ಇದೆ, ನಾಲ್ಕು ಕಾಲು ಹೆಚ್ಚಾದರೆ ಕೇಳಬಾರದು.

‘ಅವಳಿಗೂ ನಮ್ಮ ನಾಯಿ ಅಂದ್ರೆ ಪ್ರಾಣ ಕಣ್ರೀ.’ ಇರಬಹುದು. ಪ್ರೀತಿ ಇದ್ದವರೇ ಒರೆಸಬೇಕೆಂಬ ನಿಯಮವಾದರೆ ಮೊದಲ ಪಾಳಿ ಮಾಲೀಕರದ್ದು.

‘ಅವರಿಗೆ ಅಭ್ಯಾಸ ಇರುತ್ತೆ.’ ಇದನ್ನು ಅಂದವರ ಜೊತೆ ನನ್ನ ವಾದವಿಲ್ಲ. ಅವರು ಅಂದದ್ದನ್ನು ಅವರೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ.

‘ನಮಗೆ ಮಂಡಿ ನೋವು, ವಯಸ್ಸಾಗಿದೆ.’ ಇದೊಂದೇ ನಿಜವಾದ ಉತ್ತರ. ಮಕ್ಕಳು ಅಮೆರಿಕದಲ್ಲಿ, ಮನೆಯಲ್ಲಿ ಇಬ್ಬರೇ ಹಿರಿಯರು, ಜೊತೆಗೊಂದು ಮುದಿ ಪಮೇರಿಯನ್. ಆ ನಾಯಿಯೇ ಅವರ ದಿನದ ಮಾತುಕತೆ. ಅವರಿಗೆ ನಾಯಿ ಬೇಡ ಎನ್ನುವಷ್ಟು ಕಟುಕನಲ್ಲ ನಾನು. ಅಂಥ ಮನೆಯಲ್ಲಿ ಆಗಬೇಕಾದದ್ದು ಒಂದು ಮಾತು: ಇದು ಬೇರೆ ಕೆಲಸ, ಇದಕ್ಕೆ ಬೇರೆ ದುಡ್ಡು, ಗ್ಲೌಸು ಇಲ್ಲಿದೆ, ಬೇಡವೆಂದರೆ ಬೇಡವೆನ್ನಮ್ಮ, ಉಳಿದ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ‘ಬೇಡ’ ಎನ್ನುವ ಅವಕಾಶ ಇಲ್ಲದಲ್ಲಿ ಒಪ್ಪಿಗೆಗೆ ಅರ್ಥವಿಲ್ಲ. ಮತ್ತು ನಲವತ್ತೆರಡು ವರ್ಷದ, ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗುವ ಸಾಫ್ಟ್‌ವೇರಿನವರು ಈ ಹಿರಿಯರ ಮಂಡಿಯ ಹಿಂದೆ ಅಡಗಿಕೊಳ್ಳಬಾರದು.

ಕೊನೆಗೆ ಕಾರ್ಪೆಟ್ಟಿನ ಬಗ್ಗೆಯೇ ಒಂದು ತಕರಾರು. ಗೋಡೆಯಿಂದ ಗೋಡೆಗೆ ಹಾಸುವ ದಪ್ಪ ಹಾಸು ಚಳಿ ದೇಶದ ನೆಲಕ್ಕೆ ಬಂದದ್ದು. ನಮ್ಮಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು, ಕಡಪ ಕಲ್ಲಿತ್ತು, ಒಂದು ಒದ್ದೆ ಬಟ್ಟೆಗೆ ಎಲ್ಲ ಹೋಗುತ್ತಿತ್ತು. ಹಾಸಲೇಬೇಕೆಂದರೆ ನವಲಗುಂದದ ಜಮಖಾನ ಇದೆ. ಧಾರವಾಡ ಜಿಲ್ಲೆಯ ಆ ಊರಿನ ಹೆಂಗಸರು ಮನೆಯ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯ್ದದ್ದು, ಪಗಡೆ ಹಾಸು, ನವಿಲು ಎಲ್ಲ ಅದರಲ್ಲಿ ಬರುತ್ತವೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಅದಕ್ಕೆ ಅಡಿಪದರವಿಲ್ಲ, ಮಡಿಸಬಹುದು, ಒದ್ದೆಯಾದ ಕೂಡಲೇ ಎತ್ತಿ ಬಾಲ್ಕನಿಯ ಕಂಬಿಯ ಮೇಲೆ ಎರಡೂ ಕಡೆ ಗಾಳಿಯಾಡುವಂತೆ ಹರವಬಹುದು. ಕೊಳ್ಳುವ ಮೊದಲು ಬಿಳಿ ಬಟ್ಟೆ ಒದ್ದೆ ಮಾಡಿ ಒಂದು ಮೂಲೆಗೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ದಪ್ಪ ಕಾರ್ಪೆಟ್ಟೇ ಬೇಕು, ಸೋಫಾಗೆ ಮ್ಯಾಚಿಂಗ್ ಎನ್ನುವವರು ಅದನ್ನೇ ಇಟ್ಟುಕೊಳ್ಳಲಿ. ನಾಯಿಯ ಬೆಲ್ಟು ನೇತುಹಾಕುವ ಮೊಳೆಯ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು ನಾಲ್ಕು ಹಳೇ ಟವೆಲ್ ನೇತುಹಾಕಿ. ರಾತ್ರಿ ಹತ್ತೂವರೆಗೆ ‘ಅಯ್ಯೋ’ ಎಂದು ಮೊದಲು ಕೂಗಿದವರು ಎದ್ದು ಒಂದನ್ನು ತೆಗೆದುಕೊಳ್ಳಲಿ, ಮಡಿಸಲಿ, ಅದರ ಮೇಲೆ ನಿಲ್ಲಲಿ. ಟೀವಿ ಆರಿಸಬೇಕಾಗಿಲ್ಲ, ನಿಂತುಕೊಂಡೇ ನೋಡಬಹುದು. ಆಮೇಲೆ ಆ ಟವೆಲ್ಲನ್ನು ತಾವೇ ಹಿಂಡಿ ಒಣಹಾಕಲಿ, ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೆಳಗ್ಗೆಗೆ ಬಿಡುವುದಲ್ಲ.